ಪಂಚಾಯಿತಿ ಮನೆಗೆ ಅರ್ಜಿ: ಯಾವುದು ಮೊದಲು, ಯಾವುದು ಆಮೇಲೆ

ಗ್ರಾಮಸಭೆಯ ಹಿಂದಿನ ಸಂಜೆ ಪಂಚಾಯಿತಿ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋಗಿ ನೋಡಿ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಹಿಡಿದು ಜನ ಸಾಲಾಗಿ ನಿಂತಿರುತ್ತಾರೆ. ಅವರಲ್ಲಿ ಸರ್ಕಾರಿ ಯೋಜನೆಯ ಮನೆಗೆ ಮೂರನೇ ಸಲ, ನಾಲ್ಕನೇ ಸಲ ಅರ್ಜಿ ಕೊಡುವವರೇ ಜಾಸ್ತಿ. ಮಳೆ ಬಂದರೆ ಒಳಗೆ ಪಾತ್ರೆ ಇಡಬೇಕಾದ ಮನೆಯವರು, ನಿಜವಾಗಿಯೂ ಅರ್ಹರು. ಆದರೂ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ. ಹೆಸರು ಬಂದರೂ ಬಿಲ್ ಆಗುವುದಿಲ್ಲ, ಅಂದರೆ ಮನೆಯ ಕಂತಿನ ಹಣ ಬರುವುದಿಲ್ಲ.

ನಮ್ಮೂರಿನವರಿಗೆ ಅರ್ಜಿ ಬರೆದುಕೊಡುತ್ತಾ ಕೆಲವು ವರ್ಷ ಆಯಿತು. ವಾಪಸ್ ಬಂದ ಅರ್ಜಿಗಳನ್ನು ಬಿಡಿಸಿ ನೋಡಿದಾಗ ಮತ್ತೆ ಮತ್ತೆ ಕಂಡದ್ದು ಒಂದೇ ತಪ್ಪು. ಮೊದಲು ಆಗಬೇಕಿದ್ದ ಕೆಲಸವನ್ನು ಕೊನೆಗೆ ಇಟ್ಟುಕೊಂಡಿರುತ್ತಾರೆ. ಜಾಗದ ಖಾತೆ ತೀರಿಹೋದ ಅತ್ತೆಯ ಹೆಸರಲ್ಲೇ ಇರುತ್ತದೆ, ಅರ್ಜಿ ಸೊಸೆಯ ಹೆಸರಲ್ಲಿ ಹೋಗಿರುತ್ತದೆ. ಮನೆ ಕಟ್ಟುವ ಆದೇಶ ಕೈಗೆ ಬರುವ ಮುಂಚೆಯೇ ಹಳೆ ಮನೆ ಕೆಡವಿ, ಪಕ್ಕದವರ ಜಗುಲಿಯಲ್ಲಿ ಸಂಸಾರ ಹೂಡಿರುತ್ತಾರೆ. ಅದಕ್ಕೇ ಇಲ್ಲಿ ಎಲ್ಲವನ್ನೂ ಮಾಡಬೇಕಾದ ಕ್ರಮದಲ್ಲೇ ಬರೆದಿದ್ದೇನೆ.

ಇದು ಕರ್ನಾಟಕದ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇರುವವರಿಗೆ. ಪಟ್ಟಣ, ನಗರಗಳಲ್ಲಿ ಆಯ್ಕೆ ಮಾಡುವುದು ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ. ಅಲ್ಲಿನ ದಾರಿ ಬೇರೆ.

ಶುರು ಮಾಡುವ ಮುನ್ನ ಕೈಯಲ್ಲಿ ಇರಬೇಕಾದ್ದು

ಒಂದು ಗಟ್ಟಿ ಫೈಲು ತೆಗೆದುಕೊಳ್ಳಿ, ಜೊತೆಗೆ ಒಂದು ನೋಟ್‌ಬುಕ್. ಯಾವತ್ತು ಯಾವ ಕಚೇರಿಗೆ ಹೋದಿರಿ, ಯಾರು ಏನು ಹೇಳಿದರು, ಯಾವ ಕಾಗದ ಕೊಟ್ಟಿರಿ ಅನ್ನುವುದನ್ನು ಅದರಲ್ಲಿ ದಿನಾಂಕದ ಜೊತೆ ಬರೆಯಿರಿ. ಆರು ತಿಂಗಳ ನಂತರ ಈ ನೋಟ್‌ಬುಕ್ಕೇ ನಿಮ್ಮ ಸಾಕ್ಷಿ.

ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಚಾಲ್ತಿಯಲ್ಲಿ ಇರಬೇಕು. ಹಳೇ ಸಿಮ್ ಎಸೆದು ಹೊಸ ನಂಬರ್ ಇಟ್ಟುಕೊಂಡಿದ್ದರೆ ಒಟಿಪಿ ಬರುವುದಿಲ್ಲ, ಅಲ್ಲಿಗೆ ಎಲ್ಲ ಕೆಲಸ ನಿಲ್ಲುತ್ತದೆ. ಆಧಾರ್ ಕೇಂದ್ರಕ್ಕೆ ಹೋಗಿ ಮೊದಲು ಅದನ್ನು ಸರಿಮಾಡಿಸಿ.

ಗ್ರಾಮಸಭೆಗೆ ಮೂರು-ನಾಲ್ಕು ತಿಂಗಳು ಮೊದಲೇ ತಯಾರಿ ಶುರುವಾಗಬೇಕು. ನೋಟಿಸ್ ಅಂಟಿಸಿದ ಮೇಲೆ ಓಡಾಡಿದರೆ ಜಾಗದ ಕಾಗದ ಸರಿಹೋಗುವ ಹೊತ್ತಿಗೆ ಸಭೆ ಮುಗಿದಿರುತ್ತದೆ.

ಹಂತ 1: ನೀವು ಅರ್ಹರಾ, ಮನೆಯಲ್ಲೇ ಕೂತು ನೋಡಿಕೊಳ್ಳಿ

ಮೊದಲ ಪ್ರಶ್ನೆ: ನಿಮ್ಮ ಅಥವಾ ನಿಮ್ಮ ರೇಷನ್ ಕಾರ್ಡ್‌ನಲ್ಲಿ ಇರುವ ಯಾರದಾದರೂ ಹೆಸರಲ್ಲಿ ಪಕ್ಕಾ ಮನೆ ಇದೆಯಾ? ಎರಡನೇ ಪ್ರಶ್ನೆ: ಈ ಕುಟುಂಬಕ್ಕೆ ಹಿಂದೆ ಯಾವುದಾದರೂ ಸರ್ಕಾರಿ ಯೋಜನೆಯಲ್ಲಿ ಮನೆ ಸಿಕ್ಕಿದೆಯಾ? ಎರಡರಲ್ಲಿ ಒಂದಕ್ಕೆ ಹೌದು ಎಂದರೂ ಅರ್ಜಿ ತಿರಸ್ಕಾರ ಆಗುತ್ತದೆ. ಆಧಾರ್ ನಂಬರ್ ಹಾಕಿದ ಕೂಡಲೇ ಹಳೇ ಮನೆ ಕಂಪ್ಯೂಟರಿನಲ್ಲಿ ತೋರಿಸುತ್ತದೆ.

ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ಇನ್ನೂ ಕೆಲವು ಅಡ್ಡಿಗಳಿವೆ. ಮನೆಯಲ್ಲಿ ಆಟೋ, ಕಾರು, ಟೆಂಪೋದಂಥ ಮೂರು ಅಥವಾ ನಾಲ್ಕು ಚಕ್ರದ ವಾಹನ ಇರಬಾರದು. ಟ್ರ್ಯಾಕ್ಟರ್ ಇರಬಾರದು. ಯಾರೂ ಸರ್ಕಾರಿ ನೌಕರಿಯಲ್ಲಿ ಇರಬಾರದು. ಯಾರೂ ತಿಂಗಳಿಗೆ 15,000 ರೂಪಾಯಿಗಿಂತ ಜಾಸ್ತಿ ದುಡಿಯುತ್ತಿರಬಾರದು. ಆದಾಯ ತೆರಿಗೆ, ವೃತ್ತಿ ತೆರಿಗೆ ಕಟ್ಟುವವರು ಇರಬಾರದು. ಸರ್ಕಾರದಲ್ಲಿ ನೋಂದಾಯಿಸಿದ ಉದ್ದಿಮೆ ಇರಬಾರದು. ನೀರಾವರಿ ಜಮೀನು ಎರಡೂವರೆ ಎಕರೆ ಮುಟ್ಟಬಾರದು, ಒಣಭೂಮಿ ಐದು ಎಕರೆ ಮುಟ್ಟಬಾರದು.

ಇಲ್ಲಿ ಜನ ಹೆಚ್ಚಾಗಿ ಎಡವುವುದು ಕಿಸಾನ್ ಕ್ರೆಡಿಟ್ ಕಾರ್ಡಿನ ವಿಷಯದಲ್ಲಿ. ಕಾರ್ಡಿನ ಮಿತಿ 50,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಹೆಸರು ಹೋಗುತ್ತದೆ. "ನಾನು ತೆಗೆದಿರೋದು ಬರೀ ಇಪ್ಪತ್ತು ಸಾವಿರ" ಎಂದು ಹಲವರು ವಾದ ಮಾಡುತ್ತಾರೆ. ತೆಗೆದ ಸಾಲ ಎಷ್ಟೇ ಇರಲಿ, ಬ್ಯಾಂಕ್ ಕೊಟ್ಟಿರುವ ಮಿತಿಯನ್ನೇ ನೋಡುತ್ತಾರೆ. ಬ್ಯಾಂಕಿಗೆ ಹೋಗಿ ನಿಮ್ಮ ಮಿತಿ ಎಷ್ಟು ಎಂದು ಕೇಳಿಕೊಂಡು ಬನ್ನಿ.

ಬೈಕ್ ಇದೆ, ಫ್ರಿಜ್ ಇದೆ ಎಂದು ಸುಮ್ನೆ ಹೆದರಿ ಅರ್ಜಿ ಹಾಕದೇ ಇರುವವರೂ ಇದ್ದಾರೆ. ಮೊದಲು ಅವೂ ಅಡ್ಡಿಯ ಪಟ್ಟಿಯಲ್ಲಿ ಇದ್ದವು. 2024ರಲ್ಲಿ ನಿಯಮ ಬದಲಾದಾಗ ಎರಡನ್ನೂ ತೆಗೆದುಹಾಕಿದರು. ಯಾರಾದರೂ "ಬೈಕ್ ಇದೆ, ನಿಮಗೆ ಬರಲ್ಲ" ಎಂದರೆ ಈ ಬದಲಾವಣೆಯನ್ನು ನೆನಪಿಸಿ.

ರಾಜ್ಯದ ಯೋಜನೆಗಳಲ್ಲಿ ಮುಖ್ಯವಾಗಿ ನೋಡುವುದು ವರ್ಷದ ಆದಾಯ. ಗ್ರಾಮೀಣ ಭಾಗಕ್ಕೆ ಬಹಳ ಕಾಲ 32,000 ರೂಪಾಯಿ ಇದ್ದ ಮಿತಿಯನ್ನು ಆಮೇಲೆ 1.20 ಲಕ್ಷಕ್ಕೆ ಏರಿಸಿದರು. ಹಳೇ ಮಿತಿಯಲ್ಲಿ ತಿರಸ್ಕಾರ ಆಗಿದ್ದವರು ಮತ್ತೆ ಅರ್ಜಿ ಕೊಡಬಹುದು.

ಹಂತ 2: ಜಾಗದ ಕಾಗದ

ಇದರ ಮೇಲೆ ನಿಮ್ಮ ಅರ್ಧ ಶ್ರಮ ಹಾಕಿ. ಉಳಿದ ಕಾಗದಗಳು ವಾರದಲ್ಲಿ ಆಗುತ್ತವೆ, ಜಾಗದ ಕಾಗದಕ್ಕೆ ತಿಂಗಳುಗಳು ಬೇಕು.

ಗ್ರಾಮಠಾಣಾ (ಊರಿನ ವಾಸದ ಜಾಗ) ಒಳಗಿನ ಜಾಗಕ್ಕೆ ಪಂಚಾಯಿತಿಯ ಇ-ಸ್ವತ್ತು ಎಂಬ ಆನ್‌ಲೈನ್ ಆಸ್ತಿ ದಾಖಲೆಯಲ್ಲಿ ನಮೂನೆ 9 ಮತ್ತು ನಮೂನೆ 11ಎ ಸಿಗುತ್ತದೆ. ಊರಿನಲ್ಲಿ ಇದನ್ನು "ನೈನ್ ಇಲೆವೆನ್" ಅಂತಲೇ ಕರೆಯುತ್ತಾರೆ. ಅದರಲ್ಲಿ ಅರ್ಜಿದಾರರ ಹೆಸರು, ಜಾಗದ ಉದ್ದಗಲ, ನಾಲ್ಕೂ ಕಡೆಯ ಚೆಕ್ಕುಬಂದಿ ಸರಿಯಾಗಿ ಇರಬೇಕು. ಕೈಬರಹದ ಹಳೇ ಖಾತೆ ನಕಲು ಇದ್ದರೆ ಅದನ್ನೇ ನಂಬಿ ಕೂರಬೇಡಿ, ಇ-ಸ್ವತ್ತಿಗೆ ಅರ್ಜಿ ಕೊಡಿ. ಅಳತೆಗೆ ಸರ್ವೆಯವರು ಬರಬೇಕಾಗುತ್ತದೆ, ಕಾಯುವುದು ಅಲ್ಲೇ. ಮನೆ ಕಂದಾಯ ಬಾಕಿ ಇದ್ದರೆ ಮೊದಲು ಕಟ್ಟಿ ರಸೀದಿ ಇಟ್ಟುಕೊಳ್ಳಿ. ಬಾಕಿ ಇದೆ ಎಂದೇ ಎಷ್ಟೋ ಅರ್ಜಿಗಳು ಮೇಜಿನ ಮೇಲೆ ಉಳಿದುಬಿಡುತ್ತವೆ.

ಈಗ ಕಷ್ಟದ ಪ್ರಸಂಗಗಳು.

ಖಾತೆ ತೀರಿಹೋದವರ ಹೆಸರಲ್ಲಿದ್ದರೆ: ಪೌತಿ ಖಾತೆ ಮಾಡಿಸಬೇಕು, ಅಂದರೆ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸಬೇಕು. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ, ಇಷ್ಟನ್ನು ಸೇರಿಸಿ ಪಂಚಾಯಿತಿಗೆ ಕೊಡಿ. ನಮ್ಮ ಚಿಕ್ಕಮ್ಮನ ಅರ್ಜಿ ಎರಡು ಸಲ ವಾಪಸ್ ಬಂದದ್ದು ಇದಕ್ಕೇ. ಮದುವೆಯಾಗಿ ದೂರದ ಊರಿಗೆ ಹೋಗಿದ್ದ ನಾದಿನಿಯ ಸಹಿ ಇರಲಿಲ್ಲ. ಹಬ್ಬಕ್ಕೆ ಎಲ್ಲರೂ ಸೇರಿದಾಗ ಒಂದೇ ಮಧ್ಯಾಹ್ನದಲ್ಲಿ ಸಹಿ ಮುಗಿಯಿತು. ಅಲ್ಲಿಯವರೆಗೆ ಎರಡು ಮಳೆಗಾಲ ಹೋಗಿತ್ತು. ನಿಮ್ಮ ಮನೆಯಲ್ಲೂ ಹೆಣ್ಣುಮಕ್ಕಳ ಹೆಸರು ವಂಶವೃಕ್ಷದಲ್ಲಿ ಬಿಟ್ಟುಹೋಗದಂತೆ ನೋಡಿ. ಬಿಟ್ಟರೆ ಅದು ತಪ್ಪು ಮಾಹಿತಿ, ಮುಂದೆ ತಕರಾರಿಗೆ ದಾರಿ.

ಖಾತೆ ಬದುಕಿರುವ ಅಪ್ಪನ ಅಥವಾ ಮಾವನ ಹೆಸರಲ್ಲಿದ್ದರೆ: ವಿಭಾಗಪತ್ರ ಅಥವಾ ದಾನಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ, ಆಮೇಲೆ ಖಾತೆ ಬದಲಾಯಿಸಬೇಕು. ಛಾಪಾ ಕಾಗದದ ಮೇಲೆ ಊರ ಹಿರಿಯರ ಮುಂದೆ ಬರೆಸಿಕೊಂಡದ್ದರಿಂದ ಖಾತೆ ಬದಲಾಗುವುದಿಲ್ಲ.

ಸರ್ಕಾರಿ ಜಾಗದಲ್ಲಿ ಮನೆ ಇದ್ದರೆ: ಭೂಕಂದಾಯ ಕಾಯ್ದೆಯ ಕಲಂ 94ಸಿ ಅಡಿಯಲ್ಲಿ ತಹಶೀಲ್ದಾರರಿಂದ ಹಕ್ಕುಪತ್ರ ಸಿಕ್ಕಿರಬೇಕು. ತಾಂಡಾ, ಗೊಲ್ಲರಹಟ್ಟಿಯಂಥ ಕಡೆ ಕಂದಾಯ ಗ್ರಾಮ ಮಾಡಿ 94ಡಿ ಅಡಿಯಲ್ಲಿ ಹಕ್ಕುಪತ್ರ ಕೊಟ್ಟಿದ್ದಾರೆ. ಹಕ್ಕುಪತ್ರ ಮನೆಯಲ್ಲಿ ಇದ್ದರೆ ಸಾಲದು, ಅದರ ಮೇಲೆ ಪಂಚಾಯಿತಿ ಖಾತೆಯೂ ಆಗಿರಬೇಕು. ಇದನ್ನು ಮರೆಯುವವರು ಬಹಳ ಜನ.

ಹೊಲದಲ್ಲಿ ಕಟ್ಟಬೇಕು ಅಂದುಕೊಂಡಿದ್ದರೆ: ಪಹಣಿ ಹಿಡಿದು ಗ್ರಾಮಸಭೆಗೆ ಹೋಗಬೇಡಿ. ಪಹಣಿ ಕೃಷಿ ಜಮೀನಿನ ಕಾಗದ, ಅದು ನಿವೇಶನದ ಕಾಗದ ಅಲ್ಲ. ಆ ಜಾಗಕ್ಕೆ ಏನು ಬೇಕಾಗುತ್ತದೆ ಎಂದು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಮೊದಲೇ ಕೇಳಿ, ಉತ್ತರವನ್ನು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ.

ಜಾಗವೇ ಇಲ್ಲದಿದ್ದರೆ: ಮನೆಗೆ ಅರ್ಜಿ ಕೊಡುವ ಮುನ್ನ ನಿವೇಶನ ರಹಿತರ ಪಟ್ಟಿಗೆ ಅರ್ಜಿ ಕೊಡಿ. ಎರಡೂ ಬೇರೆ ಬೇರೆ ಪಟ್ಟಿ. "ಮನೆ ಪಟ್ಟಿಯಲ್ಲಿ ಹೆಸರಿದೆ, ಜಾಗ ಅವರೇ ಕೊಡ್ತಾರೆ" ಎಂದು ಕಾದು ಕೂತವರನ್ನು ನೋಡಿದ್ದೇನೆ. ಜಾಗ ಇಲ್ಲದವರಿಗೆ ಜಾಗ ಕೊಡಿಸುವ ಹೊಣೆ ರಾಜ್ಯದ್ದೇ ಎಂದು ಆವಾಸ್ ನಿಯಮದಲ್ಲಿ ಇದೆ. ಆದರೆ ನೀವು ಕೇಳಿದ್ದೀರಿ ಅನ್ನುವುದಕ್ಕೆ ಕಾಗದ ಇರಬೇಕು.

ಹಂತ 3: ಎಲ್ಲ ಕಾಗದದಲ್ಲೂ ಒಂದೇ ಹೆಸರು

ಆಧಾರ್‌ನಲ್ಲಿ ಲಕ್ಷ್ಮಮ್ಮ, ರೇಷನ್ ಕಾರ್ಡ್‌ನಲ್ಲಿ ಲಕ್ಷ್ಮೀದೇವಮ್ಮ, ಪಾಸ್‌ಬುಕ್‌ನಲ್ಲಿ ಲಕ್ಷ್ಮಿ. ಊರಿಗೆಲ್ಲ ಗೊತ್ತು ಒಬ್ಬರೇ ಎಂದು. ಕಂಪ್ಯೂಟರಿಗೆ ಅವರು ಮೂರು ಜನ.

ಮೇಜಿನ ಮೇಲೆ ಎಲ್ಲ ಕಾಗದ ಹರಡಿ. ಹೆಸರು, ಗಂಡನ ಅಥವಾ ತಂದೆಯ ಹೆಸರು, ಹುಟ್ಟಿದ ದಿನಾಂಕ, ಊರಿನ ಹೆಸರು, ಇಷ್ಟನ್ನೂ ಒಂದೊಂದಾಗಿ ಹೋಲಿಸಿ. ಇನಿಷಿಯಲ್ ಮುಂದಿದೆಯಾ ಹಿಂದಿದೆಯಾ ಅನ್ನುವುದನ್ನೂ ನೋಡಿ. ತಿದ್ದಬೇಕಾದರೆ ಆಧಾರ್‌ನಿಂದ ಶುರು ಮಾಡಿ. ಆಧಾರ್ ಸರಿಯಾದ ಮೇಲೆ ರೇಷನ್ ಕಾರ್ಡ್, ಆಮೇಲೆ ಬ್ಯಾಂಕ್. ಉಲ್ಟಾ ಮಾಡಿದರೆ ಒಂದೇ ಕೆಲಸವನ್ನು ಎರಡು ಸಲ ಮಾಡಬೇಕಾಗುತ್ತದೆ.

ಯಾರ ಹೆಸರಲ್ಲಿ ಅರ್ಜಿ? ಮನೆಯ ಹೆಣ್ಣುಮಗಳ ಹೆಸರಲ್ಲಿ, ಅಥವಾ ಗಂಡ-ಹೆಂಡತಿ ಇಬ್ಬರ ಹೆಸರಲ್ಲಿ. ಹೆಂಡತಿ ತೀರಿಕೊಂಡವರು, ಮದುವೆಯಾಗದ ಗಂಡಸರು, ಬೇರೆಯಾಗಿ ಇರುವವರಿಗೆ ಮಾತ್ರ ವಿನಾಯಿತಿ. ಹಾಗಾಗಿ ಹಂತ 2ರಲ್ಲಿ ಖಾತೆ ಮಾಡಿಸುವಾಗಲೇ ಯಾರ ಹೆಸರಿಗೆ ಎಂದು ತೀರ್ಮಾನ ಮಾಡಿ. ಗಂಡನ ಹೆಸರಿಗೆ ಖಾತೆ ಮಾಡಿಸಿ, ಆಮೇಲೆ ಹೆಂಡತಿಯ ಹೆಸರಲ್ಲಿ ಅರ್ಜಿ ಹಾಕಿ, ಮತ್ತೆ ಖಾತೆಗೆ ಓಡಾಡುವುದು ಎಷ್ಟು ಸುಸ್ತಿನ ಕೆಲಸ ಎಂದು ಪಟ್ಟವರಿಗೇ ಗೊತ್ತು.

ಹಂತ 4: ರೇಷನ್ ಕಾರ್ಡ್, ಜಾತಿ ಮತ್ತು ಆದಾಯ

ಕುಟುಂಬ ಯಾವುದು ಎಂದು ಅಳೆಯುವುದು ರೇಷನ್ ಕಾರ್ಡ್‌ನಿಂದ. ಮದುವೆಯಾಗಿ ಬೇರೆ ಒಲೆ ಹೂಡಿದ ಮಗನ ಹೆಸರು ಇನ್ನೂ ಅಪ್ಪನ ಕಾರ್ಡ್‌ನಲ್ಲೇ ಇದ್ದರೆ, ಅಪ್ಪನಿಗೆ ಹಿಂದೆ ಸಿಕ್ಕ ಆಶ್ರಯ ಮನೆ ಮಗನ ಲೆಕ್ಕಕ್ಕೂ ಬರುತ್ತದೆ. ನಿಜವಾಗಿ ಬೇರೆ ಇದ್ದರೆ ಕಾರ್ಡ್ ಬೇರೆ ಮಾಡಿಸಿ. ಹೊಸ ಕಾರ್ಡ್, ಹೆಸರು ಬೇರ್ಪಡಿಸುವ ಅರ್ಜಿ ಎಲ್ಲ ಕಾಲದಲ್ಲೂ ತೆಗೆದುಕೊಳ್ಳುವುದಿಲ್ಲ. ಆನ್‌ಲೈನ್ ತೆರೆದ ದಿನಗಳಲ್ಲೇ ಮುಗಿಸಬೇಕು.

ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ, ಗ್ರಾಮ ಒನ್ ಕೇಂದ್ರದಲ್ಲೂ ಅರ್ಜಿ ಕೊಡಬಹುದು. ಅದರ ಮೇಲಿನ ಆರ್‌ಡಿ ನಂಬರನ್ನೇ ಪಂಚಾಯಿತಿಯ ಕಂಪ್ಯೂಟರ್ ಕೇಳುವುದು. ಆದಾಯ ಪ್ರಮಾಣಪತ್ರ 5 ವರ್ಷ ನಡೆಯುತ್ತದೆ. ಮಕ್ಕಳ ಸ್ಕಾಲರ್‌ಶಿಪ್‌ಗೆ ಮಾಡಿಸಿದ್ದು ಮನೆಯಲ್ಲಿ ಇದ್ದೀತು. ಅದರ ದಿನಾಂಕ ನೋಡಿ, ಮುಗಿದಿದ್ದರೆ ಹೊಸದು ಮಾಡಿಸಿ.

ಆದಾಯ ಬರೆಸುವಾಗ ಇರುವುದನ್ನೇ ಹೇಳಿ. ಒಂದು ಕಡೆ ಬ್ಯಾಂಕ್ ಸಾಲಕ್ಕಾಗಿ ಜಾಸ್ತಿ ತೋರಿಸಿ, ಇನ್ನೊಂದು ಕಡೆ ಮನೆಗಾಗಿ ಕಮ್ಮಿ ತೋರಿಸಿದರೆ ಎರಡೂ ಒಂದು ದಿನ ಎದುರುಬದುರಾಗುತ್ತವೆ. ಸುಳ್ಳು ಮಾಹಿತಿ ಎಂದು ಸಾಬೀತಾದರೆ ಕೊಟ್ಟ ಹಣವನ್ನೂ ವಾಪಸ್ ಕೇಳಬಹುದು.

ಹಂತ 5: ಬ್ಯಾಂಕ್ ಖಾತೆ

ಹಣ ಬರುವುದು ಆಧಾರ್ ಮೂಲಕ. ಆಧಾರ್‌ಗೆ ಕೊನೆಯದಾಗಿ ಯಾವ ಬ್ಯಾಂಕ್ ಜೋಡಣೆ ಆಗಿದೆಯೋ ಆ ಖಾತೆಗೆ ಹೋಗುತ್ತದೆ. ಮೈಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇದೆ. ಒಟಿಪಿ ಹಾಕಿದರೆ ಯಾವ ಬ್ಯಾಂಕ್ ಎಂದು ತೋರಿಸುತ್ತದೆ. ಬೇರೆ ಬ್ಯಾಂಕ್ ತೋರಿಸಿದರೆ ನಿಮಗೆ ಬೇಕಾದ ಬ್ಯಾಂಕಿಗೆ ಹೋಗಿ, "ಎನ್‌ಪಿಸಿಐ ಮ್ಯಾಪಿಂಗ್ ಮಾಡಿಕೊಡಿ" ಎಂದು ಕೇಳಿ. ಆಧಾರ್ ಮೂಲಕ ಬರುವ ಹಣ ಯಾವ ಬ್ಯಾಂಕಿಗೆ ಹೋಗಬೇಕು ಎಂದು ತೋರಿಸುವ ಜೋಡಣೆ ಅದು. ಬರೀ "ಆಧಾರ್ ಲಿಂಕ್ ಮಾಡಿ" ಎಂದರೆ ಕೆವೈಸಿಗೆ (ಗುರುತಿನ ದಾಖಲೆಗೆ) ಮಾತ್ರ ಸೇರಿಸಿ ಕಳಿಸುತ್ತಾರೆ, ಆ ಎರಡೂ ಬೇರೆ.

ವರ್ಷಗಟ್ಟಲೆ ವ್ಯವಹಾರ ಮಾಡದ ಖಾತೆ ಸ್ಥಗಿತ ಆಗಿರುತ್ತದೆ. ನೂರು ರೂಪಾಯಿ ಹಾಕಿ, ತೆಗೆದು, ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡಿ. ಸಾಲ ಬಾಕಿ ಇರುವ ಖಾತೆ ಕೊಡಬೇಡಿ. ಮನೆಯ ಕಂತು ಬಂದ ದಿನವೇ ಸಾಲಕ್ಕೆ ಮುರಿದುಕೊಂಡರೆ ಸಿಮೆಂಟಿಗೆ ದುಡ್ಡು ಎಲ್ಲಿಂದ ತರುತ್ತೀರಿ?

ಹಂತ 6: ಯಾವ ಯೋಜನೆ ನಿಮಗೆ ಹೊಂದುತ್ತದೆ

ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣ: ಇಲ್ಲಿ ಅರ್ಜಿಗಿಂತ ಸರ್ವೆ ಪಟ್ಟಿ ಮುಖ್ಯ. ಆವಾಸ್ ಪ್ಲಸ್ 2024 ಸರ್ವೆಯಲ್ಲಿ ನಿಮ್ಮ ಮನೆ ಸೇರಿದೆಯಾ ಎಂದು ಪಂಚಾಯಿತಿಯಲ್ಲಿ ಕೇಳಿ. ಸೇರಿದ್ದರೆ ಗೋಡೆ ಯಾವುದು, ಚಾವಣಿ ಯಾವುದು, ಕೋಣೆ ಎಷ್ಟು ಎಂದು ಏನು ಬರೆದಿದ್ದಾರೆ ಅನ್ನುವುದನ್ನೂ ನೋಡಿ. ಮನೆಯೇ ಇಲ್ಲದವರು ಮೊದಲು, ಆಮೇಲೆ ಕಚ್ಚಾ ಗೋಡೆ, ಕಚ್ಚಾ ಚಾವಣಿಯ ಒಂದು-ಎರಡು ಕೋಣೆಯವರು, ಈ ಕ್ರಮದಲ್ಲಿ ಆದ್ಯತೆ ಬರುತ್ತದೆ. ಮಣ್ಣಿನ ಗೋಡೆಯನ್ನು ಇಟ್ಟಿಗೆ ಎಂದು ಬರೆದಿದ್ದರೆ ನೀವು ಪಟ್ಟಿಯಿಂದಲೇ ಹೊರಗೆ. ಬಯಲು ಸೀಮೆಯಲ್ಲಿ ಸಹಾಯಧನ 1,20,000 ರೂಪಾಯಿ. ಇದರ ಜೊತೆಗೆ ಉದ್ಯೋಗ ಖಾತ್ರಿಯಲ್ಲಿ 90 ದಿನಗಳ ಕೂಲಿ, ಶೌಚಾಲಯಕ್ಕೆ 12,000 ರೂಪಾಯಿ ಬೇರೆ. ಜಾಬ್ ಕಾರ್ಡ್ ಇಲ್ಲದವರಿಗೆ ಈ ಕೂಲಿ ಸಿಗುವುದಿಲ್ಲ, ಆದ್ದರಿಂದ ಅದನ್ನೂ ಈಗಲೇ ಮಾಡಿಸಿ.

ರಾಜ್ಯದ ಯೋಜನೆಗಳನ್ನು ನಡೆಸುವುದು ರಾಜೀವ್ ಗಾಂಧಿ ವಸತಿ ನಿಗಮ. ಬಸವ ವಸತಿ ಯೋಜನೆ ಸಾಮಾನ್ಯ ಮತ್ತು ಹಿಂದುಳಿದ ವರ್ಗದವರಿಗೆ, ಹಳ್ಳಿಯಲ್ಲಿ 1.20 ಲಕ್ಷ. ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್ ಯೋಜನೆ ಪರಿಶಿಷ್ಟ ಜಾತಿ, ಪಂಗಡದವರಿಗೆ, ಹಳ್ಳಿಯಲ್ಲಿ 1.75 ಲಕ್ಷ. ದೇವರಾಜ ಅರಸು ವಸತಿ ಯೋಜನೆಯನ್ನು ಕೇಳಿದವರೇ ಕಮ್ಮಿ. ವಿಧವೆಯರು, ಅಂಗವಿಕಲರು, ಮಾಜಿ ದೇವದಾಸಿಯರು, ಎಚ್‌ಐವಿ ಇರುವವರು, ಲೈಂಗಿಕ ಅಲ್ಪಸಂಖ್ಯಾತರು, ಜೀತದಿಂದ ಬಿಡುಗಡೆಯಾದವರು, ಇಂಥವರಿಗಾಗಿಯೇ ಇರುವ ಯೋಜನೆ ಅದು. ಆಯ್ಕೆ ಜಿಲ್ಲಾ ಮಟ್ಟದಲ್ಲಿ ನಡೆಯುತ್ತದೆ. ಗ್ರಾಮಸಭೆಯಲ್ಲಿ ಹೆಸರು ಎತ್ತಲು ಮುಜುಗರ ಪಡುವ ಎಷ್ಟೋ ಅಕ್ಕಂದಿರಿಗೆ ಇದೇ ಸರಿಯಾದ ದಾರಿ. ದಯವಿಟ್ಟು ಗೊತ್ತಿರುವವರಿಗೆ ತಿಳಿಸಿ.

ಹಂತ 7: ವಾರ್ಡ್ ಸಭೆ, ಗ್ರಾಮಸಭೆ

ಆಯ್ಕೆಯ ಅಧಿಕಾರ ಇರುವುದು ಗ್ರಾಮಸಭೆಗೆ. ಸದಸ್ಯರ ಮನೆ ಬಾಗಿಲಿಗೆ ಹತ್ತು ಸಲ ಹೋಗುವವರು ಸಭೆಯ ದಿನ ಕೂಲಿಗೆ ಹೋಗಿಬಿಡುತ್ತಾರೆ. ನನಗೆ ಬಹಳ ಬೇಸರ ತರಿಸುವ ವಿಷಯ ಇದು. ಆ ಒಂದು ದಿನದ ಕೂಲಿ ಬಿಡಿ.

ಮೊದಲು ವಾರ್ಡ್ ಸಭೆ ಆಗುತ್ತದೆ, ಅಲ್ಲಿಂದ ಹೆಸರುಗಳು ಗ್ರಾಮಸಭೆಗೆ ಹೋಗುತ್ತವೆ. ವಾರ್ಡ್ ಸಭೆ ತಪ್ಪಿಸಿಕೊಂಡರೆ ಗ್ರಾಮಸಭೆಯಲ್ಲಿ ನಿಮ್ಮ ಹೆಸರು ಎತ್ತುವುದು ಕಷ್ಟ. ಸಭೆಯ ದಿನಾಂಕಕ್ಕಾಗಿ ಪಂಚಾಯಿತಿ ನೋಟಿಸ್ ಬೋರ್ಡ್ ನೋಡುತ್ತಿರಿ, ಬಿಲ್ ಕಲೆಕ್ಟರ್ ಅಥವಾ ವಾಟರ್‌ಮನ್‌ಗೆ ಹೇಳಿಟ್ಟಿರಿ. ಡಂಗುರ ಎಲ್ಲ ಬೀದಿಗೂ ಕೇಳಿಸುವುದಿಲ್ಲ.

ಅರ್ಜಿಯನ್ನು ಸಭೆಗೆ ಮೊದಲೇ ಪಂಚಾಯಿತಿಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಎರಡು ಪ್ರತಿ ಒಯ್ಯಿರಿ. ಒಂದನ್ನು ಅವರಿಗೆ ಕೊಡಿ, ಇನ್ನೊಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. "ಇಟ್ಟು ಹೋಗಿ, ನೋಡೋಣ" ಎಂದರೆ ಅಲ್ಲೇ ನಿಂತು ವಿನಯದಿಂದ ಕೇಳಿ: "ಸಾರ್, ಒಂದು ಸೀಲ್ ಹಾಕಿಕೊಡಿ." ಸೀಲ್ ಇಲ್ಲದ ಅರ್ಜಿ ಕೊಟ್ಟಂತೆಯೇ ಅಲ್ಲ.

ಸಭೆಯಲ್ಲಿ ಮನೆಯ ಹೆಣ್ಣುಮಗಳೇ ಎದ್ದು ಮಾತಾಡಲಿ, ಅರ್ಜಿ ಅವರದೇ ಅಲ್ವಾ? ಮಾತು ಉದ್ದ ಬೇಡ. "ನಮ್ಮದು ಮಣ್ಣಿನ ಗೋಡೆ. ಹಿಂದೆ ಯಾವ ಯೋಜನೆಯಲ್ಲೂ ಮನೆ ಬಂದಿಲ್ಲ. ಖಾತೆ ನನ್ನ ಹೆಸರಲ್ಲೇ ಇದೆ, ನೈನ್ ಇಲೆವೆನ್ ಆಗಿದೆ." ಇಷ್ಟು ಸಾಕು. ಕಾಗದ ಪಕ್ಕಾ ಇರುವ ಅರ್ಜಿಯನ್ನು ಬದಿಗಿಡಲು ಯಾರಿಗಾದರೂ ಕಷ್ಟ.

ಹೆಸರು ಆಯ್ಕೆಯಾದರೆ ನಡಾವಳಿ ಪುಸ್ತಕದಲ್ಲಿ ಬರೆದಿದ್ದಾರಾ ನೋಡಿ. ಸಭೆಯಲ್ಲಿ ಓದಿದ ಹೆಸರು, ಮೇಲಿನ ಕಚೇರಿಗೆ ಹೋದ ಪಟ್ಟಿಯ ಹೆಸರು ಬೇರೆಯಾದ ಪ್ರಸಂಗಗಳಿವೆ. ಆಯ್ಕೆಯಾಗದಿದ್ದರೆ ಕಾರಣ ಏನು ಎಂದು ಸಭೆಯಲ್ಲೇ ಕೇಳಿ, ಕಾರಣವನ್ನು ನಡಾವಳಿಯಲ್ಲಿ ಬರೆಸಿ. ಮುಂದಿನ ಮೇಲ್ಮನವಿಗೆ ಆ ಸಾಲೇ ಆಧಾರ.

ಎಚ್ಚರಿಕೆಯ ಗುರುತುಗಳು: ಸಭೆ ನಡೆಯದೆಯೇ ಖಾಲಿ ಪುಸ್ತಕದಲ್ಲಿ ಸಹಿ ಕೇಳುವುದು. "ನಿಮ್ಮ ಹೆಸರು ಹಾಕಿಸ್ತೀನಿ, ಮೊದಲ ಬಿಲ್‌ನಲ್ಲಿ ಇಷ್ಟು ಕೊಡಿ" ಅನ್ನುವುದು. ಪಾಸ್‌ಬುಕ್, ಎಟಿಎಂ ಕಾರ್ಡ್ ತೆಗೆದಿಟ್ಟುಕೊಳ್ಳುವುದು. ಫೋನ್ ಮಾಡಿ ಒಟಿಪಿ ಕೇಳುವುದು. ಇವುಗಳಲ್ಲಿ ಯಾವುದು ಕಂಡರೂ ಅಲ್ಲೇ ನಿಲ್ಲಿ. ಮನೆ ಮಂಜೂರಾತಿಗೆ ಯಾವ ಶುಲ್ಕವೂ ಇಲ್ಲ.

ಹಂತ 8: ಆಯ್ಕೆಯಿಂದ ಕಾಮಗಾರಿ ಆದೇಶದವರೆಗೆ

ಈ ನಡುವಿನ ಕಾಲದಲ್ಲೇ ಜನ ಅವಸರ ಮಾಡಿ ಕೆಡುತ್ತಾರೆ. ಗ್ರಾಮಸಭೆಯಲ್ಲಿ ಹೆಸರು ಬಂದರೆ ಮನೆ ಬಂದಂತೆ ಅಲ್ಲ. ಮುಂದೆ ಆನ್‌ಲೈನ್ ನಮೂದು, ತಾಲೂಕು ಪಂಚಾಯಿತಿಯ ಪರಿಶೀಲನೆ, ಈಗಿರುವ ಮನೆ ಅಥವಾ ಖಾಲಿ ಜಾಗದ ಜಿಪಿಎಸ್ ಫೋಟೋ, ಆಮೇಲೆ ಮಂಜೂರಾತಿ, ಕಾಮಗಾರಿ ಆದೇಶ.

ಜಿಪಿಎಸ್ ಫೋಟೋ ತೆಗೆದು, ಆದೇಶದ ಪ್ರತಿ ಕೈಗೆ ಬರುವವರೆಗೂ ಹಳೆ ಮನೆಯ ಒಂದು ಹೆಂಚನ್ನೂ ಇಳಿಸಬೇಡಿ. ಪಾಯಕ್ಕೆ ಗುದ್ದಲಿ ಹಾಕಬೇಡಿ. ಮೊದಲೇ ಶುರು ಮಾಡಿದ ಮನೆಗೆ ಬಿಲ್ ಮಾಡಲು ಬರುವುದಿಲ್ಲ. ಮುಹೂರ್ತ ಚೆನ್ನಾಗಿದೆ, ಆಷಾಢ ಬರುತ್ತದೆ ಎಂದು ಆದೇಶಕ್ಕೆ ಮುನ್ನ ಕೆಲಸ ಶುರು ಮಾಡಿ ಪೂರ್ತಿ ಹಣ ಕಳೆದುಕೊಂಡ ಕುಟುಂಬ ನಮ್ಮ ಪಕ್ಕದ ಬೀದಿಯಲ್ಲೇ ಇದೆ. ಪೂಜೆ ಮಾಡಲೇಬೇಕಿದ್ದರೆ ಪೂಜೆ ಮಾತ್ರ ಮಾಡಿ.

ಫೋಟೋ ತೆಗೆಯುವ ದಿನ ಅರ್ಜಿದಾರರು ಅಲ್ಲೇ ಇರಬೇಕು. ಮನೆ ಎಲ್ಲಿ ಕಟ್ಟುತ್ತೀರೋ ಅದೇ ಜಾಗ ತೋರಿಸಿ. ಆಮೇಲೆ ಇನ್ನೊಂದು ಮೂಲೆಗೋ, ಬೇರೆ ಜಾಗಕ್ಕೋ ಬದಲಾಯಿಸಿದರೆ ಜಿಪಿಎಸ್ ಹೊಂದುವುದಿಲ್ಲ.

ಹಂತ 9: ಪಾಯದಿಂದ ಕೊನೆಯ ಬಿಲ್‌ವರೆಗೆ

ನಮ್ಮಲ್ಲಿ ಹಣ ಬರುವುದು ನಾಲ್ಕು ಹಂತಕ್ಕೆ: ಪಾಯ, ಲಿಂಟಲ್, ಚಾವಣಿ, ಮುಕ್ತಾಯ. ರಾಜ್ಯದ ಯೋಜನೆಗಳಲ್ಲಿ ಆಯಾ ಹಂತ ಮುಗಿದು ಫೋಟೋ ಹೋದ ಮೇಲೆ ಹಣ. ಅಂದರೆ ಪಾಯದ ಖರ್ಚು ನಿಮ್ಮ ಕೈಯಿಂದಲೇ ಆಗಬೇಕು. ಅದಕ್ಕೆ ದುಡ್ಡು ಒಟ್ಟುಮಾಡಿಟ್ಟುಕೊಂಡೇ ಶುರು ಮಾಡಿ. ಬಡ್ಡಿಗೆ ಕೈಸಾಲ ತಂದು ಪಾಯ ಹಾಕಿದರೆ ಮೊದಲ ಕಂತು ಸಾಲ ಕೊಟ್ಟವರ ಪಾಲಾಗುತ್ತದೆ, ಗೋಡೆ ಮೇಲೆ ಏಳುವುದಿಲ್ಲ. ಇತ್ತ ತಡ ಮಾಡುವಂತೆಯೂ ಇಲ್ಲ. ಹೇಳಿದ ಗಡುವಿನೊಳಗೆ ಪಾಯ ಹಾಕದಿದ್ದರೆ ಮನೆ "ಬ್ಲಾಕ್" ಆಗುತ್ತದೆ. ಅದನ್ನು ತೆಗೆಸಲು ಮತ್ತೆ ತಾಲೂಕು, ಜಿಲ್ಲೆ ಎಂದು ಅಲೆಯಬೇಕು. ಆವಾಸ್ ಮನೆಯನ್ನು ಮಂಜೂರಾದ 12 ತಿಂಗಳೊಳಗೆ ಮುಗಿಸಬೇಕು.

ಅಳತೆ ಚಿಕ್ಕದಿರಲಿ. ಆವಾಸ್ ನಿಯಮದ ಪ್ರಕಾರ ಅಡುಗೆ ಜಾಗ ಸೇರಿ ಕನಿಷ್ಠ 25 ಚದರ ಮೀಟರ್ ಸಾಕು, ಅಂದಾಜು 270 ಚದರ ಅಡಿ. "ಕಟ್ಟೋದು ಒಂದೇ ಸಲ, ದೊಡ್ಡದಾಗಿ ಕಟ್ಟೋಣ" ಎಂದು ಮೂರು ಕೋಣೆಗೆ ಪಾಯ ಹಾಕಿ, ಲಿಂಟಲ್ ಮಟ್ಟದಲ್ಲಿ ನಿಂತ ಮನೆಗಳು ಎಲ್ಲ ಊರಲ್ಲೂ ಇವೆ. ಮಳೆಗೆ ಗೋಡೆಗಳ ಮೇಲೆ ಪಾಚಿ ಬೆಳೆದಿರುತ್ತದೆ. ಒಂದು ಕೋಣೆ, ಅಡುಗೆಮನೆ, ಬಚ್ಚಲು ಮುಗಿಸಿ ಬಿಲ್ ಪೂರ್ತಿ ತೆಗೆದುಕೊಳ್ಳಿ. ಮುಂದೆ ಕೈಗೂಡಿದಾಗ ಪಕ್ಕಕ್ಕೆ ಸೇರಿಸಲು ಪಾಯದಲ್ಲೇ ಜಾಗ ಬಿಟ್ಟಿರಿ.

ಪ್ರತಿ ಹಂತ ಮುಗಿದ ದಿನವೇ ಪಂಚಾಯಿತಿಗೆ ತಿಳಿಸಿ, ಫೋಟೋ ಯಾವತ್ತು ತೆಗೆದರು ಎಂದು ಬರೆದಿಡಿ. ನಿಮ್ಮ ಫೋನಿನಲ್ಲೂ ಒಂದು ಫೋಟೋ ತೆಗೆದುಕೊಳ್ಳಿ. ಫೋಟೋ ಹೋಗದೆ ಮುಂದಿನ ಹಂತಕ್ಕೆ ಹೋಗಬೇಡಿ. ಪಾಯದ ಫೋಟೋ ಆಗುವ ಮೊದಲೇ ಗೋಡೆ ಎದ್ದರೆ ಆ ಹಂತವನ್ನು ಆಮೇಲೆ ತೋರಿಸುವುದು ಹೇಗೆ? ಎರಡು-ಮೂರು ವಾರವಾದರೂ ಹಣ ಬರದಿದ್ದರೆ ಮೊದಲು ಹಂತ 5ಕ್ಕೆ ವಾಪಸ್ ಹೋಗಿ ಬ್ಯಾಂಕ್ ಮ್ಯಾಪಿಂಗ್ ನೋಡಿ. ಅದು ಸರಿ ಇದ್ದರೆ ತಾಲೂಕು ಪಂಚಾಯಿತಿಯಲ್ಲಿ ವಸತಿ ವಿಷಯ ನೋಡುವವರನ್ನು ಕಂಡು, ನಿಮ್ಮ ಮನೆ ಯಾರ ಲಾಗಿನ್‌ನಲ್ಲಿ ನಿಂತಿದೆ ಎಂದು ಕೇಳಿ. ಈ ಪ್ರಶ್ನೆ ಕೇಳಿದರೆ ಉತ್ತರ ಬೇಗ ಸಿಗುತ್ತದೆ.

ಆವಾಸ್ ಮನೆಯಲ್ಲಿ ಗುತ್ತಿಗೆದಾರರಿಗೆ ಅವಕಾಶ ಇಲ್ಲ, ಫಲಾನುಭವಿಯೇ ನಿಂತು ಕಟ್ಟಿಸಬೇಕು. ಮೇಸ್ತ್ರಿಗೆ ಕೂಲಿ ಮಾತಾಡಿ, ಸಾಮಾನು ನೀವೇ ತನ್ನಿ. ಇಡೀ ಮನೆಯನ್ನು ಒಬ್ಬರಿಗೆ ಒಪ್ಪಿಸಿ ಪಾಸ್‌ಬುಕ್ ಕೊಟ್ಟುಬಿಟ್ಟರೆ ಮನೆಯೂ ಅರ್ಧ, ಹಣವೂ ಇಲ್ಲ ಅನ್ನುವ ಸ್ಥಿತಿ ಬರುತ್ತದೆ.

ಹಂತ 10: ಹೆಸರು ಬಿಟ್ಟುಹೋದರೆ

ಮೊದಲು ಪಿಡಿಒ ಅವರಿಗೆ ಲಿಖಿತ ತಕರಾರು, ಸ್ವೀಕೃತಿಯೊಂದಿಗೆ. ಅದಕ್ಕೆ ಉತ್ತರ ಬರದಿದ್ದರೆ ತಾಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ, ಆಮೇಲೆ ಜಿಲ್ಲಾ ಪಂಚಾಯಿತಿಗೆ. ಆವಾಸ್ ಪಟ್ಟಿಯಿಂದ ಹೆಸರು ತೆಗೆದವರಿಗೆ ಜಿಲ್ಲಾ ಮಟ್ಟದಲ್ಲಿ ಮೇಲ್ಮನವಿ ಸಮಿತಿ ಇದೆ. ಜನಸ್ಪಂದನ ಸಹಾಯವಾಣಿ 1902ಕ್ಕೆ ಕರೆ ಮಾಡಿ ದೂರು ದಾಖಲಿಸಿ, ದೂರಿನ ಸಂಖ್ಯೆಯನ್ನು ನೋಟ್‌ಬುಕ್‌ನಲ್ಲಿ ಬರೆಯಿರಿ.

ಮಾಹಿತಿ ಹಕ್ಕನ್ನು ಬಳಸಲು ಹೆದರಬೇಡಿ. ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡ್ ಇದ್ದವರು ಕಾರ್ಡಿನ ನಕಲು ಲಗತ್ತಿಸಿದರೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ ಇರಬೇಕು. ಉತ್ತರಕ್ಕೆ 30 ದಿನ. "ನನಗೆ ಯಾಕೆ ಮನೆ ಕೊಟ್ಟಿಲ್ಲ" ಎಂದು ಬರೆದರೆ "ಇದು ಮಾಹಿತಿ ಅಲ್ಲ" ಎಂದು ವಾಪಸ್ ಬರುತ್ತದೆ. ಕಾಗದ ಕೇಳಿ: "ಇಂಥ ದಿನಾಂಕದ ಗ್ರಾಮಸಭೆಯ ನಡಾವಳಿ ಮತ್ತು ಆಯ್ಕೆಯಾದ ವಸತಿ ಫಲಾನುಭವಿಗಳ ಪಟ್ಟಿಯ ದೃಢೀಕೃತ ನಕಲು ಕೊಡಿ."

ನಕಲು ಕೈಗೆ ಬಂದ ಮೇಲೆ ನಿಮ್ಮ ಹೆಸರಿನ ಮುಂದೆ ಬರೆದ ಕಾರಣ ಓದಿ. ಖಾತೆ ಇಲ್ಲ ಎಂದಿದ್ದರೆ ಹಂತ 2ಕ್ಕೆ ಹೋಗಿ. ಹೆಸರು ಹೊಂದುವುದಿಲ್ಲ ಎಂದಿದ್ದರೆ ಹಂತ 3ಕ್ಕೆ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು ಎಂದು ಕಾನೂನಿದೆ. ಆ ಒಂದು ಕೊರತೆಯನ್ನು ಅಷ್ಟರೊಳಗೆ ಸರಿಮಾಡಿ, ಅದೇ ಫೈಲು ಹಿಡಿದು ಮುಂದಿನ ವಾರ್ಡ್ ಸಭೆಗೆ ಬೇಗ ಹೋಗಿ ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ.